ಕೈಗುಣಕ್ಕೆ ಲೈಸೆನ್ಸ್ ಯಾಕೆ?

'ಕೈಗುಣ ಇದ್ದೋನಿಗೆ ಸರ್ಟಿಫಿಕೇಟ್ ಯಾಕೆ ಬೇಕು?' ನಕಲಿ ವೈದ್ಯರ ಕ್ಲಿನಿಕ್‌ಗೆ ಬೀಗ ಬಿದ್ದಾಗಲೆಲ್ಲ ನಮ್ಮ ಮೊಳಕಾಲ್ಮೂರಿನಲ್ಲಿ ಕೇಳುವ ಮಾತಿದು. ಹೇಳುವವರು ಮಗ್ಗದವರು, ಶೇಂಗಾ ಬೆಳೆಯುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಅದೇ ಮಾತನ್ನು ಸಿದ್ಧಾಂತ ಮಾಡಿ ನನಗೆ ಪಾಠ ಹೇಳುವ ಬೆಂಗಳೂರಿನ ಭಾವಮೈದನ ಮೇಲೆ. ಅವನ ಗುರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್.

ಚರಕನ ಕಾಲದಿಂದ ಬಂದ ವೈದ್ಯರ ಶಪಥಗಳಿಗೆ ಕೈಮುಗಿದು ಮುಂದೆ ಹೋಗುತ್ತೇನೆ. ಒಳ್ಳೆಯವನಾಗಿರು ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಅವು ನನಗೆ ಹೇಳಿಲ್ಲ. ಫ್ರೀಡ್‌ಮನ್ ಹಾಗಲ್ಲ, ಚುಚ್ಚುತ್ತಾನೆ. ಲೈಸೆನ್ಸ್ ಎಂಬುದು ವೈದ್ಯರ ಸಂಘ ತನ್ನವರ ಸಂಖ್ಯೆ ಹೆಚ್ಚದಂತೆ ಹಾಕಿಕೊಂಡ ಬೇಲಿ ಎಂಬುದು 1962ರ 'ಕ್ಯಾಪಿಟಲಿಸಂ ಅಂಡ್ ಫ್ರೀಡಂ' ಪುಸ್ತಕದಲ್ಲಿ ಆತನ ವಾದ. ಓದಿದವರಿಗೆ ಪ್ರಮಾಣಪತ್ರ ಇರಲಿ, ಇಲ್ಲದವರನ್ನು ತಡೆಯುವುದು ಬೇಡ. ಯಾರು ಒಳ್ಳೆಯವರೆಂದು ಜನರೇ ಆರಿಸಿಕೊಳ್ಳುತ್ತಾರೆ.

ಆರಿಸುವುದು ಹೇಗೆ? ನಮ್ಮ ಮನೆಯಲ್ಲಿ ಜ್ವರ ಬಂದರೆ ರಾಯದುರ್ಗದ ಕಡೆಯಿಂದ ಬರುತ್ತಿದ್ದ, ಪದವಿಯಿಲ್ಲದ 'ಆರ್‌ಎಂಪಿ ಡಾಕ್ಟ್ರ' ಹತ್ತಿರ ಓಡುತ್ತಿದ್ದೆವು. ಸೂಜಿ ಹಾಕಿ ಗ್ಲೂಕೋಸ್ ಏರಿಸುತ್ತಿದ್ದರು, ಎರಡು ಮೂರು ದಿನಕ್ಕೆ ಜ್ವರ ಬಿಡುತ್ತಿತ್ತು. ಹೆಚ್ಚಿನ ಜ್ವರಗಳು ಏನೂ ಮಾಡದಿದ್ದರೂ ಬಿಡುತ್ತವೆ. ಹೆಸರು ಮಾತ್ರ ಸೂಜಿಗೆ. ಮಂಡಿನೋವಿಗೆ ಸ್ಟೀರಾಯ್ಡ್ ಕೊಟ್ಟವನ ಕೈಗುಣ ಮರುದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ಸಕ್ಕರೆ ಏರಿದ್ದು, ಮೂಳೆ ಸವೆದದ್ದು ಕಾಣುವುದು ಎಷ್ಟೋ ಕಾಲದ ಮೇಲೆ. ಆಗ ಯಾರೂ ಅವನನ್ನು ಕೇಳುವುದಿಲ್ಲ. ಜನರ ಆಯ್ಕೆ ಇಲ್ಲಿ ಕೆಟ್ಟದ್ದಕ್ಕೇ ಬಹುಮಾನ ಕೊಡುತ್ತದೆ. ಆದ್ದರಿಂದ ಅರ್ಹ ವೈದ್ಯರ ಪಟ್ಟಿ ಬೇಕು. ಅದರಲ್ಲಿಲ್ಲದೆ ವೈದ್ಯವೃತ್ತಿ ಮಾಡುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಇಟ್ಟಿರುವ ಒಂದು ವರ್ಷದವರೆಗಿನ ಸೆರೆ, 5 ಲಕ್ಷದವರೆಗಿನ ದಂಡ ಹೆಚ್ಚೇನಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 2017ರ ನವೆಂಬರ್ ನೆನಪಾಗುತ್ತದೆ. ಖಾಸಗಿ ಆಸ್ಪತ್ರೆಗಳನ್ನು ಬಿಗಿಗೊಳಿಸಲು ಸರ್ಕಾರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ತಿದ್ದುಪಡಿ ತರಹೊರಟಾಗ, ಪಟ್ಟಿಯಲ್ಲಿದ್ದವರೇ ರಾಜ್ಯದ ಉದ್ದಗಲಕ್ಕೂ ಒಪಿಡಿ ಮುಚ್ಚಿದರು. ಮಸೂದೆ ಸಡಿಲಗೊಂಡ ಮೇಲೇ ಪಾಸಾಯಿತು. ಸಂಘದ ಬಗ್ಗೆ ಫ್ರೀಡ್‌ಮನ್ ಹೇಳಿದ್ದು ಸುಳ್ಳಲ್ಲ. ಅದೇ ಸ್ಟೀರಾಯ್ಡ್ ಎಂಬಿಬಿಎಸ್ ಬೋರ್ಡಿನ ಕೆಳಗೂ ಸಿಗುತ್ತದೆ ಎಂಬುದೂ ಸುಳ್ಳಲ್ಲ.

ನಮ್ಮ ಪಕ್ಕದ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನನ್ನು ಭಾವಮೈದ ಕೊನೆಯ ಅಸ್ತ್ರವಾಗಿ ತೆಗೆಯುತ್ತಾನೆ. ವೈದ್ಯಕೀಯ ಓದಿಲ್ಲ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ. ಸರಿ, ಅವರ ಕೈಯಲ್ಲಿ ಹುಟ್ಟಿದವರನ್ನು ಎಣಿಸಿದ್ದೇವೆ. ಹೆಸರಿಲ್ಲದ ಬೇರೆ ಕೈಗಳಲ್ಲಿ ತೀರಿಹೋದ ಬಾಣಂತಿಯರನ್ನು ಎಣಿಸಿದವರು ಯಾರು? ನನ್ನ ಅಜ್ಜಿಯ ತಂಗಿ ಅವರಲ್ಲೊಬ್ಬಳು. ಹೀಗೆಂದು ಅವನ ಬಾಯಿ ಮುಚ್ಚಿಸಿದೆ. ಆದರೆ ಅಜ್ಜಿಯ ತಂಗಿ ತೀರಿಹೋದ ಆ ರಾತ್ರಿ ಅವಳ ಹತ್ತಿರ ಸೂಲಗಿತ್ತಿ ಬಿಟ್ಟರೆ ಬರಲು ಬೇರೆ ಯಾರೂ ಇರಲಿಲ್ಲ.

ಬೇರೆ ಯಾರೂ ಇಲ್ಲದ ಇಂಥ ಕಡೆಗೆ ದಾರಿ ಎಂಬಂತೆ, 2019ರ ಅದೇ ಕಾಯ್ದೆಯ 32ನೇ ಕಲಂ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಲೈಸೆನ್ಸ್ ಕೊಡಬಹುದೆನ್ನುತ್ತದೆ. ಮನಸ್ಸು ಅತ್ತ ವಾಲುತ್ತದೆ. ಮರುಕ್ಷಣ, ಬೆಂಗಳೂರಿಗೆ ಪೂರ್ತಿ ಡಾಕ್ಟರು, ನಮ್ಮ ತಾಲ್ಲೂಕಿನ ಕೋನಸಾಗರಕ್ಕೆ ಅರ್ಧ ಡಾಕ್ಟರೇ ಎಂದು ಹೊಟ್ಟೆ ಉರಿಯುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅರ್ಧವಾದರೂ ಮೇಲು ಎಂದುಕೊಂಡರೆ, ಅದು ಫ್ರೀಡ್‌ಮನ್‌ನದೇ ವಾದ! ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಧಿಕಾರಿಗಳಲ್ಲಿ ಕೇಳುವುದಿಷ್ಟು: ನಕಲಿ ಕ್ಲಿನಿಕ್‌ಗೆ ಬೀಗ ಜಡಿಯಿರಿ, ಜೊತೆಗೆ ಅಂದು ರಾತ್ರಿ ಜ್ವರ ಬಂದ ಮಗುವನ್ನು ಎಲ್ಲಿಗೆ ಒಯ್ಯಬೇಕೆಂದೂ ಅದೇ ಬಾಗಿಲಿಗೆ ಬರೆದು ಅಂಟಿಸಿ.