ಯಾವ ಸಂಜೆಯ ಖಮಾಚ್?

“ಇಷ್ಟರಲ್ಲಿ ಸರಿಯಾದ್ದು ಯಾವುದು ಹೇಳಿಬಿಡಿ ಮೇಷ್ಟ್ರೇ, ದಿನಾ ಅದನ್ನೇ ಕೇಳಿಸ್ತೀನಿ” ಎಂದು ಚೇಳೂರಿನ ತಾಯಿಯೊಬ್ಬರು ಕೇಳಿದರು. ಅವರ ಮಗಳು ನನ್ನ ಬಳಿ ಪಿಟೀಲು ಕಲಿಯುತ್ತಿದ್ದಾಳೆ. ಖಮಾಚ್ ರಾಗದಲ್ಲಿರುವ ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಕೃತಿಯನ್ನು ಅವಳು ಸಭೆಯಲ್ಲಿ ನುಡಿಸಬೇಕು. ಫೋನಿನಲ್ಲಿ ಹುಡುಕಿದರೆ ಹಾಡಿದ್ದು, ಪಿಟೀಲಿನದು, ವೀಣೆಯದು, ಕೊಳಲಿನದು ಎಲ್ಲವೂ ಬರುತ್ತವೆ; 1980ರ ‘ಶಂಕರಾಭರಣಂ’ ಸಿನಿಮಾದ್ದಂತೂ ಎಲ್ಲಕ್ಕಿಂತ ಮೊದಲು ಬರುತ್ತದೆ. ಒಂದರ ಓಟ ಇನ್ನೊಂದಕ್ಕಿಲ್ಲ. ಒಬ್ಬರ ಸಂಗತಿ ಇನ್ನೊಬ್ಬರಲ್ಲಿಲ್ಲ. ತಾಯಿಗೆ ಗಾಬರಿಯಾಗಿದ್ದು ಸಹಜ.

ಆದರೆ ಆ ಪ್ರಶ್ನೆಯ ಅಡಿಯಲ್ಲಿ ಒಂದು ನಂಬಿಕೆ ಇದೆ. ಕೃತಿ ಎಲ್ಲೋ ಒಂದು ಕಡೆ ಪೂರ್ಣವಾಗಿ, ಬದಲಾಗದೆ ಕೂತಿದೆ, ಅದಕ್ಕೆ ತೀರಾ ಹತ್ತಿರವಾದ ಧ್ವನಿಮುದ್ರಣ ಸಿಕ್ಕರೆ ಕೆಲಸ ಮುಗಿಯಿತು ಎಂಬ ನಂಬಿಕೆ. ನಮ್ಮ ತಾರ್ಕಿಕರು ಇದರ ಬಗ್ಗೆಯೇ ಶತಮಾನಗಳ ಕಾಲ ಜಗಳವಾಡಿದ್ದಾರೆ. ಯಾವುದು ಅನಿತ್ಯ ಎಂಬ ಮಾತು ಬಂದಾಗ ನೈಯಾಯಿಕರು ದೂರ ಹೋಗಲಿಲ್ಲ, ಶಬ್ದವನ್ನೇ ಹಿಡಿದರು. ಶಬ್ದ ಹುಟ್ಟಿಸಿದ್ದು, ಹುಟ್ಟಿಸಿದ್ದೆಲ್ಲ ಅಳಿಯುತ್ತದೆ, ಆದ್ದರಿಂದ ಶಬ್ದ ಅನಿತ್ಯ ಎಂದರು. ಮೀಮಾಂಸಕರು ಒಪ್ಪಲಿಲ್ಲ. ಶಬ್ದ ನಿತ್ಯ, ಉಚ್ಚರಿಸಿದಾಗ ಅದು ಹುಟ್ಟುವುದಿಲ್ಲ, ಪ್ರಕಟವಾಗುತ್ತದೆ ಅಷ್ಟೆ ಎಂದರು. ಫೋನಿನಲ್ಲಿ ಎಷ್ಟು ಸಲ ಒತ್ತಿದರೂ ಅದೇ ಖಮಾಚ್ ಅದೇ ಉಸಿರಿನೊಂದಿಗೆ ಬರುವುದನ್ನು ಕಂಡರೆ ಮೀಮಾಂಸಕರೇ ಗೆದ್ದರು ಅನ್ನಿಸುತ್ತದೆ. ಪಿಟೀಲು ಹಿಡಿದವರಿಗೆ ಹಾಗೆ ಅನ್ನಿಸುವುದಿಲ್ಲ. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ. ನಿನ್ನೆ ಸಿಕ್ಕ ಗಾಂಧಾರವನ್ನು ಇವತ್ತು ಬೆರಳು ಹೊಸದಾಗಿ ಹುಡುಕಬೇಕು. ಕಮಾನು ನಿಂತ ಕ್ಷಣ ಸ್ವರವೂ ಹೋಯಿತು. ನಾನು ನೈಯಾಯಿಕರ ಕಡೆ.

ಖಮಾಚ್ ರಾಗವನ್ನೇ ನೋಡಿ. ಹರಿಕಾಂಭೋಜಿಯ ಜನ್ಯ ಅದು, ಕೈಶಿಕಿ ನಿಷಾದದ್ದು. ಇವತ್ತು ನಾವು ಅದರಲ್ಲಿ ಕಾಕಲಿ ನಿಷಾದವನ್ನೂ ಅನ್ಯಸ್ವರವಾಗಿ ಸೇರಿಸಿ ನುಡಿಸುತ್ತೇವೆ, ಅದಿಲ್ಲದಿದ್ದರೆ ಖಮಾಚ್ ಸಪ್ಪೆ ಎನ್ನುತ್ತೇವೆ. ಹಳಬರ ಖಮಾಚಿನಲ್ಲಿ ಆ ಸ್ವರ ಇರಲಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ರಾಗವೇ ನಡುದಾರಿಯಲ್ಲಿ ಬೇರೆಯಾಗಿದೆ. ವಾಸುದೇವಾಚಾರ್ಯರು 1865ರಲ್ಲಿ ಹುಟ್ಟಿದವರು, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಎದುರು ಕೂತು, ಕಿವಿಯಿಂದ ಕಲಿತವರು. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡು ಇಳಿದದ್ದು 1902ರಲ್ಲಿ. ಆಚಾರ್ಯರು 1961ರವರೆಗೆ ಬಾಳಿ, ತಟ್ಟೆಯನ್ನೂ ರೇಡಿಯೋವನ್ನೂ ಕಂಡರು. ತಮ್ಮ ಕೃತಿ ಬೇರೆಯವರ ಬಾಯಲ್ಲಿ ಬೇರೆಯಾಗುವುದನ್ನು ಅಷ್ಟು ದೀರ್ಘಕಾಲ ಕೇಳುವ ಭಾಗ್ಯ ಎಷ್ಟು ವಾಗ್ಗೇಯಕಾರರಿಗೆ ಸಿಕ್ಕೀತು!

ಹಳೆಯ ಮುದ್ರಣಗಳ ಮೇಲೆ ನನಗೆ ಅಪಾರ ಗೌರವ. ಹಾಗೆಂದು ಅವು ನಿಜದ ಪ್ರತಿ ಎಂದು ನಂಬಲಾರೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷಕ್ಕೆ ತುಸು ಹೆಚ್ಚು. ಅಷ್ಟರೊಳಗೆ ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ಮುಗಿಯಬೇಕು. ಸಭೆಯಲ್ಲಿ ನಿಧಾನವಾಗಿ ಅರಳುತ್ತಿದ್ದ ಸಂಗತಿಗಳು ಅಲ್ಲಿ ಕತ್ತರಿಗೆ ಸಿಕ್ಕವು, ಓಟ ಏರಿತು. ಆಮೇಲೆ ತಟ್ಟೆಯಿಂದ ಟೇಪಿಗೆ, ಟೇಪಿನಿಂದ ಫೋನಿಗೆ ಇಳಿಸುವಾಗ ವೇಗ ಚೂರು ಹೆಚ್ಚುಕಡಿಮೆಯಾದರೆ ಶ್ರುತಿಯೇ ಏರಿಳಿಯುತ್ತದೆ. ಅದರ ಜೊತೆ ಪಿಟೀಲು ಕೂಡಿಸಲು ಹೋದ ಮಕ್ಕಳು ತಂತಿ ತಿರುಚಿ ತಿರುಚಿ ಕಣ್ಣೀರು ಹಾಕುವುದನ್ನು ನೋಡಿದ್ದೇನೆ. ಟೇಪೂ ಶಾಶ್ವತವಲ್ಲ: ಬೂಷ್ಟು ಹಿಡಿಯುತ್ತದೆ, ಅಂಟುತ್ತದೆ, ಅದರ ಮೇಲಿನ ಪುಡಿ ಉದುರುತ್ತದೆ.

ಟಿ. ಚೌಡಯ್ಯನವರ ವಿಷಯ ಇನ್ನೂ ಯೋಚನೆಗೆ ಹಚ್ಚುತ್ತದೆ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಗರಡಿಯಲ್ಲಿ ಪಳಗಿದವರು. ಮೈಕು ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿನವನಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಆಮೇಲೆ ಮೈಕು ಬಂತು. ಏಳು ತಂತಿಯ ಅಗತ್ಯ ಕರಗಿತು, ಅದನ್ನು ನುಡಿಸುವವರು ಬೆರಳೆಣಿಕೆಗೆ ಇಳಿದರು. 1967ರಲ್ಲಿ ಚೌಡಯ್ಯನವರು ಹೋದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಭವನಕ್ಕೆ ಅವರ ಹೆಸರಿದೆ. ಆದರೆ ಆ ತುಂಬಿದ ನಾದ ಇವತ್ತು ಕೇಳಬೇಕೆಂದರೆ ಹೆಚ್ಚಾಗಿ ಹಳೆಯ ಮುದ್ರಣಗಳಿಗೇ ಹೋಗಬೇಕು. ಮುದ್ರಣ ಇಲ್ಲದಿದ್ದರೆ ಅದೂ ಇಲ್ಲ. ಇದನ್ನು ಮರೆತು ಮುದ್ರಣವನ್ನು ಹಳಿಯುವುದು ಕೃತಘ್ನತೆ.

ಮುದ್ರಣವೇ ಇಲ್ಲದೆ ಉಳಿದದ್ದೂ ಉಂಟು, ನಮ್ಮ ತಾಲ್ಲೂಕಿನಲ್ಲೇ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ದಶಕಗಟ್ಟಲೆ ರಾತ್ರಿರಾತ್ರಿ ಆಡಿತು, ಹಾಡಿತು. ‘ಕುರುಕ್ಷೇತ್ರ’ಕ್ಕೆ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ರಾತ್ರಿಗಳಲ್ಲಿ ಬಹುಪಾಲನ್ನು ಯಾವ ಯಂತ್ರವೂ ಹಿಡಿದಿಡಲಿಲ್ಲ. ಆದರೆ ಮನೆಬಿಟ್ಟು ಬಂದು ಆ ಕಂಪನಿ ಸೇರಿದ ಹುಡುಗನೊಬ್ಬ ಅಲ್ಲಿಯ ಮಟ್ಟುಗಳನ್ನು ಮೈಗೂಡಿಸಿಕೊಂಡ. ಮುಂದೆ ಬಿ.ವಿ. ಕಾರಂತರಾಗಿ ಕನ್ನಡ ರಂಗಸಂಗೀತಕ್ಕೇ ಹೊಸ ದಾರಿ ತೆಗೆದ. ಕಂಪನಿಯ ಹಾಡು ಅವರಲ್ಲಿ ಉಳಿಯಿತು, ಬೇರೆಯಾಗಿ ಉಳಿಯಿತು.

ಚೇಳೂರಿನವರಿಗೆ ಈ ಮಾತು ಹಲಸಿನಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಬೀಜ ಹಾಕಿ ಬೆಳೆಸಿದ ಹಲಸು ತಾಯಿಮರದಂತೆ ಬರುವುದಿಲ್ಲ. ಒಂದರ ತೊಳೆ ಹಳದಿ, ಒಂದರದು ಕೆಂಪು, ಒಂದು ಬಕ್ಕೆ, ಒಂದು ಅಂಬಲಿ. ತಾಯಿಯ ಗುಣವೇ ಬೇಕೆಂದರೆ ಕಸಿ ಕಟ್ಟಬೇಕು. ಚೇಳೂರಿನ ತೋಟವೊಂದರ ತಾಮ್ರಗೆಂಪು ತೊಳೆಯ ಮರಕ್ಕೆ ‘ಸಿದ್ದು’ ಎಂದು ಹೆಸರಿಟ್ಟು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಜೊತೆಗೂಡಿ ಊರೂರಿಗೆ ಹಂಚಿದ್ದು ಕಸಿ ಸಸಿಗಳನ್ನೇ. ಮುದ್ರಣ ಕಸಿ, ಪಾಠ ಬೀಜ. ಎರಡೂ ಬೇಕು. ಆದರೆ ಅಂಥ ಒಂದು ಮರ ಮೊದಲ ಸಲ ಕಾಣಿಸಿಕೊಳ್ಳುವುದು ಬೀಜದಿಂದ. ಕಸಿಯಿಂದ ಹೊಸದು ಹುಟ್ಟುವುದಿಲ್ಲ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಮೊದಲು ಹಾಡಿದ್ದನ್ನು ಕೇಳಿಸಿ, ಪಿಟೀಲಿನದ್ದನ್ನಲ್ಲ. ಸಾಹಿತ್ಯ ತೆಲುಗಿನದು, ಮಾತು ಎಲ್ಲಿ ಒಡೆಯುತ್ತದೆ ಎಂದು ಗೊತ್ತಾಗದೆ ಕಮಾನು ಎಲ್ಲಿ ತಿರುಗಿಸಬೇಕೆಂದು ಬೆರಳಿಗೂ ತಿಳಿಯದು. ಆಮೇಲೆ ಪಿಟೀಲಿನ ಒಂದೆರಡು, ನಿಧಾನದ ಓಟದವು, ಪಕ್ಕವಾದ್ಯದ ಅಬ್ಬರ ಕಡಿಮೆ ಇದ್ದು ಜಾರು ಗಮಕಗಳು ಸ್ಪಷ್ಟವಾಗಿ ಕೇಳುವಂಥವು. ಒಂದನ್ನೇ ಹಿಡಿಯಬೇಡಿ. ಒಂದನ್ನೇ ಕೇಳಿದ ಮಗು ಆ ಕಲಾವಿದ ಆ ದಿನ ಕೆಮ್ಮಿದ ಜಾಗದಲ್ಲೂ ನಿಲ್ಲುತ್ತದೆ. ಹಲವನ್ನು ಕೇಳಿದ ಮಗುವಿಗೆ ಎಲ್ಲರಲ್ಲೂ ಇರುವುದು ಯಾವುದು, ಒಬ್ಬರ ಆ ಸಂಜೆಯದು ಯಾವುದು ಎಂದು ತಾನಾಗಿ ತಿಳಿಯುತ್ತದೆ. ಸಿನಿಮಾದ್ದು ಕೇಳಲಿ, ಬೇಡ ಎನ್ನಬೇಡಿ, ಎಸ್.ಪಿ.ಬಿ., ವಾಣಿ ಜಯರಾಂ ಅವರ ಕಂಠದಿಂದ ಎಷ್ಟೋ ಮನೆಗೆ ಖಮಾಚ್ ಬಂದಿದೆ. ಸಭೆಗೆ ಕೆಲವು ದಿನ ಇರುವಾಗ ಎಲ್ಲವನ್ನೂ ನಿಲ್ಲಿಸಿ. ಆಗ ಅವಳ ಕಿವಿಯಲ್ಲಿ ಉಳಿದದ್ದೇ ಅವಳ ಖಮಾಚ್. ಅದರಲ್ಲಿ ಒಂದು ಸಂಗತಿ ಮಾಸಿರಬಹುದು, ಇನ್ನೊಂದು ಎಲ್ಲಿಂದಲೋ ಸೇರಿರಬಹುದು. ಖಮಾಚಿಗೆ ಕಾಕಲಿ ನಿಷಾದ ಬಂದದ್ದೂ ಹಾಗೇ ಇರಬೇಕು.

ಹೆತ್ತವರಲ್ಲಿ ನನ್ನದೊಂದೇ ಬೇಡಿಕೆ. ಮಗು ವೇದಿಕೆ ಏರಿದಾಗ ಫೋನು ಎತ್ತಿ ಹಿಡಿಯುವ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿ. ನೀವು ಕೈ ಖಾಲಿ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೆ ಕೇಳಿ. ಅದೇ ಖಮಾಚನ್ನು ಅವಳು ನಾಳೆ ನುಡಿಸುವುದಿಲ್ಲ.