ಮೂಕಜೀವಿಯ ನೋವು ಮತ್ತು ಶ್ರಾವಕನ ಅಣುವ್ರತ



ನಮ್ಮ ಮನೆಗಳಲ್ಲಿ ಲಕ್ವ ಎಂದೂ, ಮರಾಠಿ ನುಡಿಯುವ ಬಂಧುಗಳ ಮನೆಗಳಲ್ಲಿ ಅರ್ಧಾಂಗವಾಯು ಎಂದೂ ಕರೆಯಲ್ಪಡುವ ವ್ಯಾಧಿ ಒಂದೇ. ಮಿದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪು ಸಿಲುಕಿದರೆ ಕ್ಷಣಮಾತ್ರದಲ್ಲಿ ಮಾತೂ ಕೈಯೂ ಸೋಲುತ್ತವೆ. ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದರೆ, ತಕ್ಕುದೆಂದು ಕಂಡಲ್ಲಿ ವೈದ್ಯರು ಹೆಪ್ಪು ಕರಗಿಸುವ ಮದ್ದನ್ನು ಕೊಡುತ್ತಾರೆ. ಆ ಮದ್ದು ಮಿದುಳಿನ ಹಾನಿಯನ್ನು ತಗ್ಗಿಸಬಲ್ಲದೆಂದು 1985ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡದ್ದು ಮೊಲಗಳ ಮೇಲಿನ ಪ್ರಯೋಗದಿಂದ. ತಂದೆಗೆ ಆ ಮದ್ದು ಬೇಡವೆನ್ನುವ ಮಗನುಂಟೇ? ಬೇಡವೆನ್ನಿರೆಂದು ನಾವೂ ಹೇಳೆವು. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದ ಹಿಂಸೆ ಒಳಬರುವುದನ್ನು ಬಲ್ಲ ಜೈನನು, ಪ್ರಯೋಗ ಮಾಡಿದವನು ಬೇರೊಬ್ಬನೆಂದು ಕೈತೊಳೆದುಕೊಳ್ಳುವಂತಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವುದೇನು? ಅರಿವಳಿಕೆ ಕೊಟ್ಟ ಇಲಿಯ ಕೊರಳನ್ನು ಬಿಡಿಸಿ, ರಕ್ತನಾಳದೊಳಗೆ ನೈಲಾನಿನಂತಹ ಸಣ್ಣ ಎಳೆಯನ್ನು ತೂರಿಸಿ, ಮಿದುಳಿನ ನಾಳವನ್ನು ಮುಚ್ಚುತ್ತಾರೆ. ಎಚ್ಚೆತ್ತ ಇಲಿಯ ಅರ್ಧದೇಹ ಸೋತಿರುತ್ತದೆ. ಎಳೆ ತೂರಿಸುವಾಗ ದವಡೆಯ ಕಡೆಗೆ ಹೋಗುವ ಇನ್ನೊಂದು ನಾಳವನ್ನು ಕಟ್ಟುವ ರೂಢಿಯುಂಟು. ಅದರಿಂದ ಅಗಿಯುವ ಸ್ನಾಯುಗಳೂ ಬಲಗುಂದುತ್ತವೆ. ಗಟ್ಟಿಯಾದ ಆಹಾರದ ಉಂಡೆ ಎದುರಿಗೇ ಇದ್ದರೂ ತಿನ್ನಲಾರದೆ ಆ ಜೀವ ಸೊರಗುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ಇಲ್ಲಿ ನೆನೆಯಿರಿ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನವನ್ನು ತಡೆಯುವುದು. ದನಕರುಗಳನ್ನು ಸಾಕುವ ಗೃಹಸ್ಥನಿಗೆಂದು ನಾವು ಓದಿಕೊಂಡು ಬಂದ ಈ ಮಾತುಗಳಲ್ಲಿ ಕೊನೆಯದು ಈ ಪಂಜರದ ಇಲಿಗೆ ಎಷ್ಟು ನೇರವಾಗಿ ತಗಲುತ್ತದೆ! ಆಹಾರವನ್ನು ಯಾರೂ ತಡೆದಿಲ್ಲ. ತಿನ್ನಲಾಗದಂತೆ ಇಟ್ಟಿದ್ದಾರೆ, ಅಷ್ಟೆ.

2017ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಕೇಂದ್ರವೊಂದರ ಆಶ್ರಯದಲ್ಲಿ ತಜ್ಞರು ‘ಇಂಪ್ರೂವ್’ ಎಂಬ ಮಾರ್ಗದರ್ಶಿಯನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆಯ ನೋವಿಗೆ ಮದ್ದು ಕೊಡಿ, ನೆನೆಸಿದ ಮೆತ್ತನೆಯ ಆಹಾರವಿಡಿ, ದೇಹದ ಶಾಖವನ್ನು ಕಾಯ್ದುಕೊಳ್ಳಿ, ಸಂಕಟ ಇಂತಿಷ್ಟನ್ನು ಮೀರಿದರೆ ಅಲ್ಲಿಗೇ ನಿಲ್ಲಿಸಿ ಎಂಬುದು ಅದರ ಹುರುಳು. ನೋವಿನ ಮದ್ದು ಫಲಿತಾಂಶವನ್ನು ಕೆಡಿಸೀತೆಂಬ ಅಳುಕು ಹಲವರಿಗಿತ್ತು. ಆದರೆ ಹಸಿದು ಬಳಲಿದ ಇಲಿ ನಡೆಯದಿದ್ದರೆ ಅದು ಮಿದುಳಿನ ಹಾನಿಯೋ ಹಸಿವೋ ಎಂದು ಹೇಳುವವರಾರು? ದಯೆಯಿಲ್ಲದ ಕಡೆ ವಿದ್ಯೆಯೂ ಮಸುಕಾಗುತ್ತದೆ.

ಲೆಕ್ಕವನ್ನೂ ನೋಡಿ. ಪಾರ್ಶ್ವವಾಯುವಿಗೆಂದು ಪರೀಕ್ಷಿಸಿದ 1,026 ಉಪಚಾರಗಳನ್ನು 2006ರ ಅಧ್ಯಯನವೊಂದು ಎಣಿಸಿತು. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದವು 114. ರೋಗಿಗೆ ನಿಜವಾಗಿ ಒದಗಿದವು ಬೆರಳೆಣಿಕೆಯವು. ಯಾವ ಇಲಿಗೆ ಮದ್ದು ಕೊಟ್ಟಿದೆಯೆಂದು ತಿಳಿದವರೇ ಅಳೆಯುವುದು, ಚೀಟಿ ಎತ್ತದೆ ಗುಂಪು ಮಾಡುವುದು ಮುಂತಾದ ಅಜಾಗರೂಕತೆಗಳಿಂದ ಎಷ್ಟೋ ಜೀವಗಳು ವ್ಯರ್ಥವಾದವು. ಪ್ರಮಾದದಿಂದ ಪ್ರಾಣಕ್ಕೆ ಕೇಡು ಬಗೆಯುವುದೇ ಹಿಂಸೆಯೆಂದು ನಮ್ಮ ಶಾಸ್ತ್ರ ಹೇಳುವಾಗ, ಇದಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ. ನಾಳ ನಿಜವಾಗಿ ಮುಚ್ಚಿತೇ ಎಂದು ಆಗಲೇ ಅಳೆದು ನೋಡುವುದರಿಂದಲೂ, ಒಂದೇ ಇಲಿಯ ಮಿದುಳನ್ನು ಹಲವು ದಿನ ಎಂ.ಆರ್.ಐ.ಯಲ್ಲಿ ನೋಡುವುದರಿಂದಲೂ ಸಂಖ್ಯೆ ತಗ್ಗುತ್ತದೆ.

ಇಷ್ಟಾದರೂ ಪ್ರಯೋಗವು ಅಹಿಂಸೆಯಾಯಿತೆಂದು ಯಾರೂ ಭ್ರಮಿಸಬಾರದು. ಕಡಿಮೆಯಾದ ಹಿಂಸೆಯೂ ಹಿಂಸೆಯೇ. ಅದರ ಆಸ್ರವವನ್ನು ಮಾರ್ಗದರ್ಶಿ ತಡೆಯಲಾರದು. ರಕ್ತದೊತ್ತಡವೇ ಈ ವ್ಯಾಧಿಯ ಮುಖ್ಯ ಕಾರಣವಾದುದರಿಂದ, ರಾತ್ರಿಭೋಜನವನ್ನು ತ್ಯಜಿಸಿದ ನಮ್ಮ ಮನೆಗಳು ಉಪ್ಪಿನಕಾಯಿ ಹಪ್ಪಳಗಳ ಉಪ್ಪಿನ ಬಗೆಗೂ ಸ್ವಲ್ಪ ಸಂಯಮ ತಾಳಬಹುದು.

ನಮ್ಮ ದೇಶದ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಅಡಿಯಲ್ಲಿ ಪ್ರಯೋಗ ನಡೆಸುವ ಸಂಸ್ಥೆಗಳಲ್ಲಿ ನೈತಿಕ ಸಮಿತಿಗಳಿವೆ. ವಿಜ್ಞಾನಿಯಲ್ಲದ ಸಾಮಾಜಿಕ ಕಾಳಜಿಯ ಸದಸ್ಯರೊಬ್ಬರಿಗೂ ಅಲ್ಲಿ ಸ್ಥಾನವುಂಟು. ನಮ್ಮ ಶ್ರಾವಕರಲ್ಲಿ ಕೆಲವರು ಆ ಸ್ಥಾನಕ್ಕೆ ಹೋಗಲಿ. ಫಾರ್ಮಸಿ, ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳು ಗುರುಗಳನ್ನು ವಿನಯದಿಂದ ಕೇಳಲಿ: ಇಷ್ಟು ಇಲಿಗಳು ಏಕೆ ಬೇಕು? ನೋವಿಗೆ ಏನು ಕೊಡುವಿರಿ? ರಾತ್ರಿ ಅವನ್ನು ನೋಡಿಕೊಳ್ಳುವವರು ಯಾರು?