ಮೂಕಪ್ರಾಣಿಯ ಮರಣವೂ ಮನೆಯ ಮಕ್ಕಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಬೇಸಾಯದ ಮನೆಗಳಲ್ಲಿ ಹಟ್ಟಿಯು ಮಲಗುವ ಕೋಣೆಗೆ ಎಷ್ಟು ಸಮೀಪವೆಂದರೆ, ದನವು ಮೆಲುಕಾಡುವ ಸದ್ದನ್ನು ಕೇಳುತ್ತಲೇ ಮಗುವು ನಿದ್ದೆಹೋಗುವುದು. ಅಂತಹ ಹಟ್ಟಿಗಳು ಈಗ ವಿರಳವಾಗಿವೆ. ಅನೇಕ ಮನೆಗಳಲ್ಲಿ ನಾಯಿಬೆಕ್ಕುಗಳು ಮಾತ್ರ ಉಳಿದಿವೆ. ಆದರೆ ಒಂದು ಬೆಳಗ್ಗೆ ಕರುವಿನ ಹಗ್ಗವು ಬರಿದಾಗಿ ಬಿದ್ದಿರುವುದನ್ನು ಕಂಡೋ, ಜಗಲಿಯ ಮೂಲೆಯಲ್ಲಿ ನಾಯಿಯನ್ನು ಕಾಣದೆಯೋ ಮಗುವು ಕೇಳುವ ಪ್ರಶ್ನೆಯು ಅಂದಿನದೇ ಆಗಿದೆ. ಹಿರಿಯರು ಕೊಡುವ ಉತ್ತರವೂ ಬಹುಮಟ್ಟಿಗೆ ಅಂದಿನದೇ: ಅದು ಗುಡ್ಡೆಗೆ ಮೇಯಲು ಹೋಗಿದೆ, ನಾಳೆ ಬರುತ್ತದೆ.

ಈ ಉತ್ತರವು ಧರ್ಮವೋ ಅಧರ್ಮವೋ? ಎಳೆಯ ಮನಸ್ಸು ನೋಯದಿರಲೆಂದು ನುಡಿದ ಸುಳ್ಳಿಗೆ ದೋಷವಿಲ್ಲವೆಂದು ಹಲವರು ಹೇಳುವರು. ಆದರೆ ಹಟ್ಟಿಯೊಳಗೇ ಹಿಂದೆ ನಡೆಯುತ್ತಿದ್ದ ಇನ್ನೊಂದು ವಂಚನೆಯನ್ನು ಇಲ್ಲಿ ನೆನೆಯಬೇಕಾಗಿದೆ. ಕರು ಸತ್ತರೆ ಹಸು ಹಾಲಿಳಿಸದು. ಆಗ ಕರುವಿನ ತೊಗಲಿಗೆ ಒಣಹುಲ್ಲನ್ನು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸುವು ಅದನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಈ ಉಪಾಯವು ಹಸುವಿನ ದುಃಖವನ್ನು ಕಳೆಯಲೆಂದು ಹುಟ್ಟಿದುದಲ್ಲ, ಕರೆಯುವವನ ಚೆಂಬು ತುಂಬಲೆಂದು ಹುಟ್ಟಿದುದು. ಮಗುವಿಗೆ ಹೇಳುವ ಸುಳ್ಳನ್ನೂ ಹೀಗೆಯೇ ಪರೀಕ್ಷಿಸಿ ನೋಡಿದರೆ, ಅದರಿಂದ ರಕ್ಷಣೆ ಹೊಂದುವವರು ಹೆಚ್ಚಾಗಿ ಹಿರಿಯರೇ. ಅಳುವ ಮಗುವಿನ ಮುಂದೆ ಕುಳಿತಿರುವುದು ಕಷ್ಟ. ಅದು ಕೇಳುವ ಎರಡನೆಯ ಪ್ರಶ್ನೆಯಂತೂ ಇನ್ನೂ ಕಷ್ಟ. ಹಾಲು ಬತ್ತಿದ ಮುದಿ ದನವನ್ನು ಮಾರಿ, ಮಾವನ ಮನೆಗೆ ಕಳುಹಿಸಿದೆವೆಂದು ಹೇಳುವ ಮನೆಗಳಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಮುಚ್ಚಿಡುವುದು ಸಾವನ್ನಲ್ಲ, ತಾವು ಮಾಡಿದ ಕೆಲಸವನ್ನು. ಹತ್ತು ವರ್ಷಗಳ ಮೇಲೆ ಆ ಮಗುವು ನಿಜವನ್ನು ತಾನೇ ಊಹಿಸಿಕೊಂಡಾಗ, ದನವನ್ನು ಕಳೆದುಕೊಂಡ ನೋವಿನೊಡನೆ ತಂದೆಯ ಮಾತಿನ ಮೇಲಿನ ನಂಬಿಕೆಯನ್ನು ಕಳೆದುಕೊಂಡ ನೋವೂ ಸೇರುವುದು.

ಸತ್ತ ದನವನ್ನು ಹೊತ್ತೊಯ್ಯುವ ಕೆಲಸವನ್ನು ಹಿಂದೆ ಊರು ಕೆಲವರ ತಲೆಗೆ ಕಟ್ಟಿ, ಅದೇ ಕಾರಣದಿಂದ ಅವರನ್ನು ಹೊರಗೆ ನಿಲ್ಲಿಸಿತ್ತು. ದೊಡ್ಡ ಮನೆಗಳ ಮಕ್ಕಳ ಕಣ್ಣಿಗೆ ಸಾವು ಬೀಳದೆ ಇದ್ದುದು ಆ ಜನರ ಬೆನ್ನಿನ ಬಲದಿಂದ. ಅವರ ಮಕ್ಕಳಿಂದ ಯಾರೂ ಏನನ್ನೂ ಮರೆಮಾಡಲಿಲ್ಲ.

ಪ್ರಾಣಿಗಾಗಿ ಅಳುವುದೇ ಮೋಹವೆಂದು ಹೇಳುವ ವಿವೇಕಿಗಳೂ ಉಂಟು. ಜಿಂಕೆಯ ಮರಿಯನ್ನು ಸಾಕಿ, ಸಾಯುವಾಗ ಅದನ್ನೇ ನೆನೆದು, ಜಿಂಕೆಯಾಗಿ ಹುಟ್ಟಿದ ಭರತರಾಜನ ಕಥೆಯನ್ನು ಅವರು ಮುಂದಿಡುವರು. ಆದರೆ ಹೊಳೆಯಲ್ಲಿ ತೇಲಿಬಂದ ಆ ಮರಿಯನ್ನು ಅವನು ಎತ್ತಿಕೊಂಡುದನ್ನು ಯಾರು ತಪ್ಪೆನ್ನಬಲ್ಲರು? ಉಳಿದ ಸರ್ವವನ್ನೂ ಅದಕ್ಕಾಗಿ ಮರೆತುದು ಅವನ ತಪ್ಪು. ಆದಿಕವಿಯ ಬಾಯಿಂದ ಮೊದಲ ಶ್ಲೋಕವು ಹೊರಟುದಾದರೂ ಬೇಡನ ಬಾಣಕ್ಕೆ ಬಿದ್ದ ಒಂದು ಕ್ರೌಂಚಪಕ್ಷಿಯ ದುಃಖದಿಂದಲ್ಲವೆ?

ದೊಡ್ಡವರು ಪ್ರಾಣಿಗಾಗಿ ಅಳುವುದಿಲ್ಲವೆಂಬುದೂ ನಿಜವಲ್ಲ. ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕಾ ದೇವಸ್ಥಾನದ ಆನೆ ಇಂದಿರಾ 2019ರ ಆಗಸ್ಟಿನಲ್ಲಿ ಸತ್ತಾಗ ಭಕ್ತರು ಮರುಗಿದರು. ಕಾಸರಗೋಡಿನ ಕುಂಬಳೆಗೆ ಸಮೀಪದ ಅನಂತಪುರ ಸರೋವರ ಕ್ಷೇತ್ರದಲ್ಲಿ ನೈವೇದ್ಯದ ಅನ್ನವನ್ನುಂಡು ಬಾಳಿದ ಬಬಿಯಾ ಎಂಬ ಮೊಸಳೆಯು 2022ರ ಅಕ್ಟೋಬರ್ 9ರಂದು ಅಸುನೀಗಿತು. ಮರುದಿನ ಅದರ ದರ್ಶನಕ್ಕೆ ಜನರು ಕಿಕ್ಕಿರಿದರು. ಕ್ಷೇತ್ರದ ಆವರಣದಲ್ಲೇ ಅದನ್ನು ಹೂಳಿದರು. ಮೊಸಳೆಯೊಂದಕ್ಕಾಗಿ ಇಷ್ಟೇಕೆಂದು ಅಲ್ಲಿ ಕೇಳುವುದು ಅವಿವೇಕವೆನಿಸಿಕೊಳ್ಳುತ್ತಿತ್ತು. ಮನೆಯ ನಾಯಿಗಾಗಿ ಅಳುವ ಹುಡುಗನಿಗೆ ಮಾತ್ರ, ಗಂಡುಮಗನು ನಾಯಿಗಾಗಿ ಅಳುವನೇ ಎಂಬ ಗದರಿಕೆ ದೊರೆಯುವುದು.

ಮಕ್ಕಳು ಮರಣವನ್ನು ಹೇಗೆ ತಿಳಿಯುವರೆಂಬುದನ್ನು ಮರಿಯಾ ನಾಗಿ ಎಂಬಾಕೆಯು ಹಂಗೇರಿಯ ಮಕ್ಕಳಲ್ಲಿ ವಿಚಾರಿಸಿ 1948ರಲ್ಲಿ ಪ್ರಕಟಿಸಿದಳು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಪ್ರಯಾಣದಂತೆ, ನಿದ್ದೆಯಂತೆ ತಿಳಿಯುತ್ತಿದ್ದರು. ಎಲ್ಲರಿಗೂ ತಪ್ಪದ ಮುಕ್ತಾಯವೆಂಬ ತಿಳಿವು ಒಂಬತ್ತು ವರ್ಷದ ಸುಮಾರಿಗೆ ಬರುತ್ತಿತ್ತು. ಮುಂದಿನ ಸಂಶೋಧಕರು ಈ ವಯಸ್ಸನ್ನು ಇನ್ನೂ ಕೆಳಗಿಳಿಸಿದ್ದಾರೆ. ಹೀಗಿರುವಾಗ ಗುಡ್ಡೆಗೆ ಹೋಗಿದೆಯೆಂದರೆ ನಾಲ್ಕು ವರ್ಷದ ಮಗುವು ಬಾಗಿಲಲ್ಲಿ ಕಾಯುತ್ತ ನಿಲ್ಲುವುದು. ಮಲಗಿದೆಯೆಂದರೆ ತಾನು ಮಲಗಲು ಅಂಜುವುದು. ಸತ್ತಿತು, ಅದರ ಉಸಿರು ನಿಂತಿತು, ಇನ್ನು ಅದಕ್ಕೆ ನೋವಿಲ್ಲ, ಹಸಿವಿಲ್ಲ, ಅದು ಮರಳಿ ಬಾರದು ಎಂಬ ಮಾತು ಕಠಿನವಾದರೂ ಅದರಲ್ಲಿ ಕಾಯಿಸುವ ಕ್ರೌರ್ಯವಿಲ್ಲ.

ಎಲ್ಲಕ್ಕಿಂತ ಬಿಕ್ಕಟ್ಟಿನ ಸಂದರ್ಭವು ಇನ್ನೊಂದಿದೆ. ಹುಡುಗಿಯು ಗೇಟನ್ನು ಹಾಕಲು ಮರೆತಳು. ನಾಯಿಯು ಹೆದ್ದಾರಿಗೆ ಓಡಿ ಲಾರಿಗೆ ಸಿಕ್ಕಿತು. ನಿನ್ನದೇನೂ ಇಲ್ಲವೆಂದರೆ ಅವಳು ನಂಬಳು, ಏಕೆಂದರೆ ಗೇಟು ತೆರೆದಿದ್ದುದನ್ನು ಅವಳು ಬಲ್ಲಳು. ನಿನ್ನಿಂದಲೇ ಸತ್ತಿತೆಂಬುದು ಸತ್ಯದ ಸೋಗು ಹಾಕಿದ ಕ್ರೌರ್ಯ. ಗೇಟು ತೆರೆದಿತ್ತು, ನೀನು ಮರೆತೆ, ದೊಡ್ಡವರೂ ಎಷ್ಟೋ ಸಲ ಮರೆತಿದ್ದಾರೆ, ಸಾಯಲೆಂದು ನೀನು ಬಯಸಲಿಲ್ಲ ಎಂದು ನಾಲ್ಕನ್ನೂ ಒಟ್ಟಿಗೆ ಹೇಳಬೇಕು. ಹೇಳುವ ತಾಯಿಯು ತಾನು ಮರೆತ ಒಂದು ದಿನವನ್ನು ಒಪ್ಪಿಕೊಳ್ಳದೆ ಈ ಮಾತು ಪೂರ್ಣವಾಗದು.

ತೆಂಗಿನ ಬುಡದಲ್ಲಿ ಗುಂಡಿ ತೋಡುವಾಗ ಬರಬೇಕೆಂದು ಬಯಸಿದ ಮಗುವನ್ನು ಒಳಗೆ ಕೂಡಿಹಾಕಬಾರದು. ಬರಲೊಲ್ಲದ ಮಗುವನ್ನು ಎಳೆದು ತರಲೂಬಾರದು. ಅಂದು ಸಂಜೆಯೇ ಬೇರೊಂದು ಮರಿಯನ್ನು ತಂದು ಮಡಿಲಿಗೆ ಹಾಕುವ ಆತುರವೂ ಹುಲ್ಲು ತುಂಬಿದ ಕರುವಿನ ಜಾತಿಯದೇ. ಕಾಲ ಬಂದಾಗ ಮರಿಯು ಬರಲಿ. ಅದಕ್ಕೆ ಹಳೆಯ ಹೆಸರನ್ನೇ ಇಡಬೇಕೆ ಬೇಡವೆ ಎಂಬುದನ್ನು ಮಾತ್ರ ಮಗುವಿಗೇ ಬಿಡುವುದು ಮೇಲು. ಕೆಲವು ಮಕ್ಕಳು ಆ ಹೆಸರನ್ನು ಇನ್ನೊಂದಕ್ಕೆ ಕೊಡಲೊಪ್ಪರು. ಕೆಲವು ಮಕ್ಕಳಿಗೆ ಬೇರೆ ಹೆಸರು ನಾಲಗೆಗೇ ಬಾರದು.